ಭಂಗಿಯ ಸೊಪ್ಪೂ ಮನುಷ್ಯನ ಬುದ್ಧಿಯೂ

೨೦೨೦ನೆಯ ಇಸವಿಯಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ರಾಂಪುರದ ಕಡೆ ಎಕರೆಗಟ್ಟಲೆ ಹೊಲದಲ್ಲಿ ಬೆಳೆದು ನಿಂತಿದ್ದ ಗಾಂಜಾ ಗಿಡಗಳನ್ನು ಪೊಲೀಸಿನವರು ಹಿಡಿದ ಸಂಗತಿಯನ್ನು ವಾಚಕರು ಮರೆತಿರಲಾರರು. ಕೊಂಡ್ಲಹಳ್ಳಿಯೂ ಅದೇ ತಾಲ್ಲೂಕಿನ ಊರು. ಮಳೆಯನ್ನು ನಂಬಿ ಶೇಂಗಾ ಬಿತ್ತುವ ಸೀಮೆ. ಇಂತಹ ಸುದ್ದಿ ಬಂದಾಗಲೆಲ್ಲ ಬೆಳೆದವರಾರು, ಬೆಲೆಯೆಷ್ಟು ಎಂದು ಕೇಳುವವರೇ ಹೆಚ್ಚು. ಆ ಸೊಪ್ಪು ಒಬ್ಬನ ತಲೆಗೇರಿದ ಮೇಲೆ ಮುಂದಿನ ಕೆಲವು ಗಂಟೆ ಅಲ್ಲಿ ಏನು ನಡೆಯುವುದೆಂದು ಕೇಳುವವರು ವಿರಳ.

ಭಂಗಿ ನಮಗೆ ಹೊಸದಲ್ಲ. ಯಾದಗಿರಿ ಜಿಲ್ಲೆಯ ತಿಂಥಣಿಯಲ್ಲಿ ಮೌನೇಶ್ವರನ ಸನ್ನಿಧಿಯಲ್ಲಿ ಅದು ಪ್ರಸಾದವೆಂದು ಸಲ್ಲುವುದನ್ನು ಪತ್ರಿಕೆಗಳು ವರದಿಮಾಡಿವೆ. ೧೮೯೩–೯೪ರಲ್ಲಿ ಆಂಗ್ಲ ಸರ್ಕಾರವು ನೇಮಿಸಿದ ಸಮಿತಿಯು ಮಿತವಾದ ಸೇವನೆಯಿಂದ ಬುದ್ಧಿಗೆ ಹಾನಿಯಿಲ್ಲವೆಂದು ತೀರ್ಮಾನಿಸಿತು. ಅದೇ ಸರ್ಕಾರವು ಗಾಂಜಾದಿಂದ ಅಬಕಾರಿ ಹುಟ್ಟುವಳಿಯನ್ನೂ ಎತ್ತುತ್ತಿದ್ದಿತೆಂಬುದನ್ನು ಜೊತೆಗೇ ನೆನೆಯಬೇಕು.

ಅಮಲನ್ನುಂಟುಮಾಡುವ ಮುಖ್ಯ ದ್ರವ್ಯವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿ ಅದರ ರಚನೆಯನ್ನು ನಿರ್ಣಯಿಸಿದವರು ಇಸ್ರೇಲಿನ ಗಾವೋನಿ ಮತ್ತು ಮೆಷೂಲಮ್ ಎಂಬ ವಿಜ್ಞಾನಿಗಳು, ಅದು ೧೯೬೪ರಲ್ಲಿ. ಟೆಟ್ರಾಹೈಡ್ರೋಕ್ಯಾನಬಿನಾಲ್ ಎಂಬುದು ಅದರ ಹೆಸರು. ಈ ದ್ರವ್ಯವು ಹೋಗಿ ಕೂರುವ ಪೀಠಗಳು ಮೆದುಳಿನಲ್ಲಿ ಉಂಟೆಂದು ೧೯೮೮ರಲ್ಲಿ ತಿಳಿಯಿತು. ಯಾವುದೋ ಗಿಡದ ರಸಕ್ಕಾಗಿ ಮನುಷ್ಯನ ಮೆದುಳು ಪೀಠವನ್ನು ಹಾಕಿಟ್ಟಿರಲು ಕಾರಣವೇನು? ೧೯೯೨ರಲ್ಲಿ ಉತ್ತರ ದೊರೆಯಿತು: ಅಂತಹುದೇ ದ್ರವ್ಯವನ್ನು ಮೆದುಳು ತಾನೇ ಅಲ್ಪಾಲ್ಪವಾಗಿ ಉತ್ಪತ್ತಿಮಾಡಿಕೊಳ್ಳುತ್ತದೆ. ಕಂಡುಹಿಡಿದವರು ಸಂಸ್ಕೃತದ ‘ಆನಂದ’ ಶಬ್ದವನ್ನೇ ಎರವಲು ಪಡೆದು ಅದಕ್ಕೆ ಆನಂದಮೈಡ್ ಎಂದು ಹೆಸರಿಟ್ಟರು. ಉಪನಿಷತ್ತಿನ ಆನಂದಕ್ಕೂ ಇದಕ್ಕೂ ಇರುವ ನಂಟನ್ನು ವೇದಾಂತಿಗಳ ವಿಚಾರಕ್ಕೆ ಬಿಡುವೆವು.

ಒಂದು ನರಕೋಶವು ಇನ್ನೊಂದಕ್ಕೆ ಸಂದೇಶಗಳನ್ನು ಅತಿಯಾಗಿ ಕಳುಹಿದಾಗ, ಪಡೆಯುವ ಕೋಶವು ‘ಇನ್ನು ಸಾಕು’ ಎಂದು ಹಿಂದಕ್ಕೆ ಹೇಳಿಕಳುಹುವುದುಂಟು. ಮೆದುಳಿನ ಸ್ವಂತ ದ್ರವ್ಯಗಳು ಮಾಡುವ ಕೆಲಸ ಇದು. ಬೇಕಾದ ಎಡೆಯಲ್ಲಿ, ಬೇಕಾದಷ್ಟು ಹೊತ್ತು ಮಾತ್ರ. ಗಾಂಜಾದ ದ್ರವ್ಯವಾದರೋ ಎಲ್ಲ ಎಡೆಯಲ್ಲಿಯೂ ಒಮ್ಮೆಗೇ, ಗಂಟೆಗಟ್ಟಲೆ ‘ಸಾಕು’ ಎನ್ನುತ್ತದೆ. ನೀರುಗಂಟಿಯು ಸರದಿಯಂತೆ ತೆರೆದು ಮುಚ್ಚುವ ಕೆರೆಯ ತೂಬುಗಳನ್ನು ದಾರಿಹೋಕನೊಬ್ಬನು ಮನಬಂದಂತೆ ಮುಚ್ಚಿದ ಹಾಗೆ.

ಹೊಸ ನೆನಪನ್ನು ಕಟ್ಟುವ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ಈ ಪೀಠಗಳು ದಟ್ಟವಾಗಿವೆ. ಆದುದರಿಂದಲೇ ಅಮಲೇರಿದವನು ಬಾಲ್ಯದ ಕಥೆಯನ್ನು ಹೇಳಬಲ್ಲನು, ಈಗ ತಾನೇ ಆಡುತ್ತಿದ್ದ ಮಾತಿನ ಮೊದಲರ್ಧವನ್ನು ಮರೆಯುವನು. ಅಂಗಚಲನೆಯ ಹದವನ್ನು ಕಾಯುವ ಕಿರುಮೆದುಳಿನಲ್ಲಿಯೂ ಅವು ಹೇರಳ. ಕಾಲದ ಅಳತೆ ಕೆಟ್ಟು ಐದು ನಿಮಿಷವು ಹತ್ತರಂತೆ ತೋರುತ್ತದೆ, ನಾಡಿಯು ಓಡುತ್ತದೆ. ಒಬ್ಬನಿಗೆ ನಗು, ಇನ್ನೊಬ್ಬನಿಗೆ ಯಾರೋ ಬೆನ್ನಟ್ಟಿರುವರೆಂಬ ಭಯ, ಕೆಲವರಿಗೆ ತಾತ್ಕಾಲಿಕ ಚಿತ್ತವಿಭ್ರಮೆ. ಉಸಿರಾಟವನ್ನು ನಡೆಸುವ ಕೇಂದ್ರಗಳಲ್ಲಿ ಪೀಠಗಳು ವಿರಳವಾಗಿರುವುದರಿಂದ ಇದು ಅಫೀಮಿನಂತೆ ಉಸಿರು ನಿಲ್ಲಿಸಿ ಕೊಲ್ಲುವುದಿಲ್ಲ. ಗಾಂಜಾದ ಪಕ್ಷಪಾತಿಗಳು ಹೇಳುವ ಈ ಮಾತು ನಿಜವೇ. ಅಷ್ಟರಿಂದ ಅದು ನಿರಪಾಯವೆನ್ನುವುದು ನಿಜವಲ್ಲ.

ಸೇದಿದ ಹೊಗೆಯು ನಿಮಿಷಗಳಲ್ಲಿ ಮೆದುಳನ್ನು ಮುಟ್ಟಿ ಸಾಮಾನ್ಯವಾಗಿ ಎರಡರಿಂದ ನಾಲ್ಕು ಗಂಟೆ ನಿಲ್ಲುವುದು. ಅರೆದು ಕುಡಿದ ಭಂಗಿಯ ನಡೆಯೇ ಬೇರೆ. ಅರ್ಧ ಗಂಟೆಯಿಂದ ಎರಡು ಗಂಟೆಯವರೆಗೆ ಏನೂ ತೋರದಿರಬಹುದು. ಅಷ್ಟರಲ್ಲಿ ದ್ರವ್ಯವು ಯಕೃತ್ತಿನಲ್ಲಿ ಇನ್ನೂ ತೀಕ್ಷ್ಣವಾದ ರೂಪವನ್ನು ತಾಳುತ್ತಿರುತ್ತದೆ. ‘ಏನೂ ಏರಲಿಲ್ಲ’ವೆಂದು ಎರಡನೆಯ ಲೋಟವನ್ನು ಕುಡಿದವನಿಗೆ ಎರಡೂ ಕೂಡಿ ಏರಿ, ಎಂಟು ಗಂಟೆಗಳಾದರೂ ಇಳಿಯದಿರಬಹುದು. ೧೯೮೫ರ ಮಾದಕದ್ರವ್ಯ ಕಾಯಿದೆಯು ಹೂತೆನೆಯನ್ನು ಗಾಂಜಾ ಎಂದು ಎಣಿಸಿ, ಬಿಡಿ ಎಲೆಯನ್ನೂ ಬೀಜವನ್ನೂ ಹೊರಗಿಟ್ಟಿದೆ. ಕಾನೂನು ಮಾಡಿದ ಈ ಭೇದವನ್ನು ಯಕೃತ್ತು ಅರಿಯದು. ಎಲೆಯಲ್ಲಿ ಸತ್ತ್ವವು ಕಡಮೆ, ಇಲ್ಲವೆಂದಲ್ಲ.

ನಮ್ಮ ಹೆಚ್ಚಿನ ಚಿಂತೆ ಚಳ್ಳಕೆರೆ–ಬಳ್ಳಾರಿ ಹೆದ್ದಾರಿಯದು. ಅಮಲನ್ನು ಅಳೆಯಬೇಕಾದ ಬುದ್ಧಿಯೇ ಅಮಲಿನಲ್ಲಿದ್ದರೆ ಲಾರಿಯ ಚಾಲಕನು ‘ನನಗೇನೂ ಆಗಿಲ್ಲ’ವೆಂದು ಪ್ರಾಮಾಣಿಕವಾಗಿಯೇ ಹೇಳುವನು. ಹೆಂಡದಂತೆ ಬಾಯಿಯ ವಾಸನೆಯು ಅವನನ್ನು ಹಿಡಿದುಕೊಡುವುದಿಲ್ಲ. ಎದುರಿಗೆ ಬರುವ ಬಂಡಿಯ ದೂರವನ್ನೂ ವೇಗವನ್ನೂ ಅಳೆಯುವ ಶಕ್ತಿಯು ಮಾತ್ರ ಕುಂದಿರುತ್ತದೆ.

ಎದೆ ಬಡಿದುಕೊಂಡು, ಭಯಗೊಂಡು ಆಸ್ಪತ್ರೆಗೆ ಬಂದ ಹುಡುಗನು ತಾನು ತಿಂದುದನ್ನು ವೈದ್ಯರಿಗೆ ಹೇಳದಿರುವುದು ಪೊಲೀಸರ ಅಂಜಿಕೆಯಿಂದ. ಅದೇ ಕಾಯಿದೆಯ ೬೪–ಎ ಕಲಮಿನ ಪ್ರಕಾರ, ಅಲ್ಪಪ್ರಮಾಣದ ಅಪರಾಧದಲ್ಲಿ ಸಿಕ್ಕಿದ ವ್ಯಸನಿಯು ಸರ್ಕಾರದ ಅಥವಾ ಸರ್ಕಾರವು ಒಪ್ಪಿದ ಚಿಕಿತ್ಸಾಲಯಕ್ಕೆ ತಾನಾಗಿ ಬಂದು ಚಿಕಿತ್ಸೆಯನ್ನು ಪೂರೈಸಿದರೆ ಅವನ ಮೇಲೆ ಮೊಕದ್ದಮೆ ನಡೆಯತಕ್ಕದ್ದಲ್ಲ. ಅರ್ಧಕ್ಕೆ ಬಿಟ್ಟರೆ ಈ ರಕ್ಷಣೆ ತಪ್ಪಬಹುದು. ಅಧಿಕಾರಿಗಳು ಈ ನಾಲ್ಕು ಸಾಲುಗಳನ್ನು ಕೊಂಡ್ಲಹಳ್ಳಿಯಂತಹ ಊರಿನ ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ತಿಳಿಗನ್ನಡದಲ್ಲಿ ಬರೆಯಿಸಲಿ. ಅದಕ್ಕೆ ಒಂದು ಡಬ್ಬಿ ಬಣ್ಣ ಸಾಕು.