ಹಳೆಯ ಗ್ರಾಫಿಕ್ಸ್ ಕಾರ್ಡ್ ಗುಜರಿಗಲ್ಲ: ಸಮುದಾಯದ ಡ್ರೈವರ್‌ಗಳ ಬಗ್ಗೆ ಹೆತ್ತವರು ತಿಳಿದಿರಬೇಕಾದುದು

ಕುಂಬ್ಡಾಜೆ ಪರಿಸರದ ಕನ್ನಡ ಮಾಧ್ಯಮ ವಿದ್ಯಾರ್ಥಿಗಳ ಮನೆಗಳಿಗೆ ಭೇಟಿ ನೀಡುವಾಗ ನಾವು ಪದೇ ಪದೇ ಕಾಣುವ ದೃಶ್ಯವೊಂದಿದೆ. ಚಾವಡಿಯ ಮೂಲೆಯಲ್ಲಿ ಬಟ್ಟೆ ಹೊದಿಸಿಟ್ಟ ಡೆಸ್ಕ್‌ಟಾಪ್ ಕಂಪ್ಯೂಟರ್. ಮಂಗಳೂರಿನ ಯಾವುದೋ ಕಚೇರಿ ಹೊಸತನ್ನು ಕೊಂಡಾಗ ಸಂಬಂಧಿಕರು ತಂದುಕೊಟ್ಟದ್ದು, ಅಥವಾ ಗಲ್ಫಿನಿಂದ ಮರಳಿದ ಮಾವ ಬಿಟ್ಟುಹೋದದ್ದು. ವಿಚಾರಿಸಿದರೆ ಬರುವ ಉತ್ತರವೂ ಒಂದೇ: "ಅದು ಹಾಳಾಗಿದೆ ಮಾಷ್ಟ್ರೇ, ಅಪ್‌ಡೇಟ್ ಮಾಡಿದ ಮೇಲೆ ಪರದೆ ಕಪ್ಪಾಗಿದೆ."

ಹೀಗೆ ಮೂಲೆ ಸೇರಿದ ಕಂಪ್ಯೂಟರ್‌ಗಳಲ್ಲಿ ಹಲವು ನಿಜಕ್ಕೂ ಹಾಳಾಗಿರುವುದಿಲ್ಲ. ಅವುಗಳ ಗ್ರಾಫಿಕ್ಸ್ ಕಾರ್ಡ್‌ಗಳನ್ನು ತಯಾರಿಸಿದ ಕಂಪೆನಿ ಅವುಗಳ ಕೈಬಿಟ್ಟಿರುತ್ತದೆ, ಅಷ್ಟೆ. ಈ ಎರಡರ ವ್ಯತ್ಯಾಸವನ್ನು ತಿಳಿದುಕೊಂಡರೆ ಒಂದು ಮನೆಯ ಹಣವೂ ಒಂದು ಮಗುವಿನ ಅಭ್ಯಾಸವೂ ಉಳಿಯುತ್ತದೆ.

ಡ್ರೈವರ್ ಎಂದರೇನು?

ಪರದೆಯ ಮೇಲೆ ಅಕ್ಷರ, ಚಿತ್ರ, ವೀಡಿಯೊಗಳನ್ನು ಮೂಡಿಸುವ ಕೆಲಸ ಗ್ರಾಫಿಕ್ಸ್ ಚಿಪ್‌ನದು. ಆದರೆ ವಿಂಡೋಸ್ ಅಥವಾ ಲಿನಕ್ಸ್‌ನಂತಹ ಕಾರ್ಯಾಚರಣಾ ವ್ಯವಸ್ಥೆಗೆ ಪ್ರತಿಯೊಂದು ಚಿಪ್‌ನ ಭಾಷೆಯೂ ತಿಳಿದಿರುವುದಿಲ್ಲ. ಇವುಗಳ ನಡುವೆ ದುಭಾಷಿಯಂತೆ ನಿಲ್ಲುವ ತಂತ್ರಾಂಶವೇ ಡ್ರೈವರ್. ಕಾರ್ಯಾಚರಣಾ ವ್ಯವಸ್ಥೆ ಹೊಸದಾದಂತೆ ಡ್ರೈವರ್ ಕೂಡ ಪರಿಷ್ಕಾರಗೊಳ್ಳಬೇಕು. ಕಂಪೆನಿ ಆ ಪರಿಷ್ಕಾರವನ್ನು ನಿಲ್ಲಿಸಿದ ದಿನ ಕಾರ್ಡ್ ಸುಸ್ಥಿತಿಯಲ್ಲಿದ್ದರೂ ದುಭಾಷಿಯಿಲ್ಲದೆ ಮೂಕವಾಗುತ್ತದೆ.

ನಮ್ಮ ಊರುಗಳಲ್ಲಿ ಇಂದಿಗೂ ಕಾಣಸಿಗುವ ಎನ್ವಿಡಿಯಾ ಜಿಫೋರ್ಸ್ 210, 8400 ಜಿ.ಎಸ್. ಮುಂತಾದ ಕಾರ್ಡ್‌ಗಳನ್ನೇ ನೋಡೋಣ. ಇವುಗಳಿಗೆ ಬೇಕಾದ 340 ಸರಣಿಯ ಡ್ರೈವರ್‌ಗೆ ಕಂಪೆನಿಯ ಬೆಂಬಲ 2019ರ ಕೊನೆಗೆ ಮುಗಿಯಿತು. ಜಿ.ಟಿ. 610ರಂತಹವುಗಳಿಗೆ ಸಂಬಂಧಿಸಿದ 390 ಸರಣಿ 2022ರ ಕೊನೆಗೆ ನಿಂತಿತು. ಎ.ಎಂ.ಡಿ. ಕಂಪೆನಿಯು ರೇಡಿಯಾನ್ ಎಚ್.ಡಿ. 5000 ಮತ್ತು 6000 ಸರಣಿಯ ಕಾರ್ಡ್‌ಗಳನ್ನು 2015ರಲ್ಲೇ ಹಳೆಯ ಪಟ್ಟಿಗೆ ಸೇರಿಸಿತು. ಇದರ ಜೊತೆಗೆ 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲವೂ ಕೊನೆಗೊಂಡಿತು. ವಿಂಡೋಸ್ 11 ಕೇಳುವ ಯಂತ್ರಾಂಶ ಹಳೆಯ ಕಂಪ್ಯೂಟರ್‌ಗಳಲ್ಲಿಲ್ಲ.

ಸಮುದಾಯ ಕೈಹಿಡಿದ ಬಗೆ

ತೋಟದ ಪಂಪ್‌ಸೆಟ್‌ನ ಕಂಪೆನಿ ಮುಚ್ಚಿದರೂ ಊರಿನ ಮೆಕ್ಯಾನಿಕ್ ಮೋಟಾರು ಬಿಚ್ಚಿ, ಸುರುಳಿ ಎಣಿಸಿ, ಹೊಸದಾಗಿ ವೈಂಡಿಂಗ್ ಮಾಡಿಕೊಡುವುದು ನಮಗೆಲ್ಲ ಗೊತ್ತು. ಗ್ರಾಫಿಕ್ಸ್ ಕಾರ್ಡ್‌ಗಳ ಲೋಕದಲ್ಲೂ ಅಂತಹ ಮೆಕ್ಯಾನಿಕ್‌ಗಳಿದ್ದಾರೆ. ಎನ್ವಿಡಿಯಾ ತನ್ನ ಚಿಪ್‌ಗಳ ವಿವರಗಳನ್ನು ಪ್ರಕಟಿಸದಿದ್ದ ಕಾಲದಲ್ಲಿ ಸ್ವಯಂಸೇವಕ ತಂತ್ರಜ್ಞರು ಕಂಪೆನಿಯ ಡ್ರೈವರ್ ಚಿಪ್‌ಗೆ ಕಳುಹಿಸುವ ಆದೇಶಗಳನ್ನು ಒಂದೊಂದಾಗಿ ದಾಖಲಿಸಿ, ಅವುಗಳ ಅರ್ಥವನ್ನು ಊಹಿಸಿ, ಪರೀಕ್ಷಿಸಿ, ಸ್ವತಂತ್ರ ಡ್ರೈವರ್ ಒಂದನ್ನು ಬರೆದರು. ಅದರ ಹೆಸರು 'ನೂವೋ'. ಫ್ರೆಂಚ್ ಭಾಷೆಯಲ್ಲಿ 'ಹೊಸತು' ಎಂದರ್ಥ. 2010ರ ಫೆಬ್ರವರಿಯಲ್ಲಿ ಬಿಡುಗಡೆಯಾದ ಲಿನಕ್ಸ್ ಕರ್ನೆಲ್ 2.6.33ರಲ್ಲಿ ಅದಕ್ಕೆ ಸ್ಥಾನ ದೊರೆಯಿತು. ಎ.ಎಂ.ಡಿ. ಕಂಪೆನಿ 2007ರಿಂದ ತನ್ನ ಚಿಪ್‌ಗಳ ದಾಖಲೆಗಳನ್ನು ತೆರೆದಿಟ್ಟ ಕಾರಣ ರೇಡಿಯಾನ್ ಕಾರ್ಡ್‌ಗಳ ಮುಕ್ತ ಡ್ರೈವರ್ ಇನ್ನಷ್ಟು ಸುಲಭವಾಗಿ ಬೆಳೆಯಿತು. ಹಳೆಯ ಇಂಟೆಲ್ ಚಿಪ್‌ಗಳಿಗಾಗಿ 'ಕ್ರೋಕಸ್' ಎಂಬ ಡ್ರೈವರ್ 2021ರಲ್ಲಿ 'ಮೆಸಾ' ಎಂಬ ಮುಕ್ತ ಗ್ರಾಫಿಕ್ಸ್ ಯೋಜನೆಯನ್ನು ಸೇರಿತು. ಹತ್ತು ಹದಿನೈದು ವರ್ಷ ಹಳೆಯದಾದ ಚಿಪ್‌ಗೆ ಹೊಸ ಡ್ರೈವರ್ ಬರೆಯುವವರು ಇದ್ದಾರೆ ಎಂಬುದೇ ನಮಗೆ ಧೈರ್ಯ ಕೊಡುವ ಸಂಗತಿ.

ಶಾಲೆಯೊಂದರ ಅನುಭವ

ಕೆಲವು ವರ್ಷಗಳ ಹಿಂದೆ ಕನ್ನಡ ಮಾಧ್ಯಮ ಶಾಲೆಯೊಂದಕ್ಕೆ ಹಳೆ ವಿದ್ಯಾರ್ಥಿಗಳು 4 ಕಂಪ್ಯೂಟರ್‌ಗಳನ್ನು ಕೊಟ್ಟಿದ್ದರು. ಹೊಸ ವ್ಯವಸ್ಥೆಗೆ ಪರಿಷ್ಕರಿಸಿದ ಮರುದಿನ ನಾಲ್ಕೂ ಪರದೆಗಳು ಕತ್ತಲು. ಗುಜರಿಗೆ ಹಾಕುವುದೇ ಲೇಸೆಂಬ ಸಲಹೆ ಬಂತು. ನಾವು ಎರಡು ಶನಿವಾರ ಕುಳಿತು ಪರಿಶೀಲಿಸಿದಾಗ ತಿಳಿದದ್ದಿಷ್ಟು: ಹಿಂದೆ ಯಾರೋ ಹಾಕಿದ್ದ ಕಂಪೆನಿಯ ಹಳೆಯ ಡ್ರೈವರ್ ಹೊಸ ಕರ್ನೆಲ್‌ನೊಂದಿಗೆ ಹೊಂದುತ್ತಿರಲಿಲ್ಲ. ಅದನ್ನು ತೆಗೆದು ನೂವೋಗೆ ದಾರಿ ಮಾಡಿಕೊಟ್ಟೆವು. ಮೂರು ಕಂಪ್ಯೂಟರ್‌ಗಳು ಎದ್ದವು. ನಾಲ್ಕನೆಯದರ ಕಾರ್ಡ್‌ನಲ್ಲಿ ಕೆಪಾಸಿಟರ್‌ಗಳು ಉಬ್ಬಿದ್ದವು. ಅದನ್ನು ಯಾವ ಡ್ರೈವರೂ ಉಳಿಸಲಾರದು.

ಮೂರು ಕಂಪ್ಯೂಟರ್ ಎಂದರೆ ದೊಡ್ಡ ಸಂಖ್ಯೆಯಲ್ಲ. ಆದರೆ ಆ ಶಾಲೆಯಲ್ಲಿ ಒಂದು ಕಂಪ್ಯೂಟರ್ ಮುಂದೆ ನಾಲ್ಕು ಮಕ್ಕಳು ಕುಳಿತುಕೊಳ್ಳುವ ಬದಲು ಇಬ್ಬರು ಕುಳಿತುಕೊಳ್ಳುವಂತಾಯಿತು. ಹತ್ತನೇ ತರಗತಿಯ ಮಾಹಿತಿ ತಂತ್ರಜ್ಞಾನದ ಪ್ರಾಯೋಗಿಕ ಪರೀಕ್ಷೆಗೆ ಮೌಸ್ ಹಿಡಿದು ಅಭ್ಯಾಸ ಮಾಡಿದ ಮಗುವಿಗೂ ಹಿಂದೆ ನಿಂತು ನೋಡಿದ ಮಗುವಿಗೂ ಇರುವ ಅಂತರ ಅಧ್ಯಾಪಕರಿಗೆ ಗೊತ್ತು. "ಆ ಕನ್ನಡ ಶಾಲೆಯಲ್ಲಿ ಕಂಪ್ಯೂಟರೇ ಇಲ್ಲ" ಎಂಬ ಮಾತು ಒಮ್ಮೆ ಊರಿನಲ್ಲಿ ಹಬ್ಬಿದರೆ ಮುಂದಿನ ಜೂನ್‌ನಲ್ಲಿ ಒಂದನೇ ತರಗತಿಗೆ ಸೇರುವ ಮಕ್ಕಳ ಸಂಖ್ಯೆಯಲ್ಲಿ ಅದರ ಫಲ ಕಾಣುತ್ತದೆ. ಮಕ್ಕಳು ಕಡಿಮೆಯಾದರೆ ಡಿವಿಷನ್ ಹೋಗುತ್ತದೆ, ಡಿವಿಷನ್ ಹೋದರೆ ಕನ್ನಡ ಅಧ್ಯಾಪಕರ ಹುದ್ದೆಯೂ ಹೋಗುತ್ತದೆ.

ಮನೆಯಲ್ಲಿ ಮಾಡಬಹುದಾದದ್ದು

ಕೇರಳದ ಶಾಲೆಗಳು ಗ್ನೂ/ಲಿನಕ್ಸ್ ಬಳಸುತ್ತಿರುವುದು ನಮಗೆ ಅನುಕೂಲವಾಗಿದೆ. 2001ರಲ್ಲಿ ಆರಂಭವಾದ ಐ.ಟಿ. ಅಟ್ ಸ್ಕೂಲ್ ಯೋಜನೆ, 2017ರಲ್ಲಿ ಅದರ ಮುಂದುವರಿಕೆಯಾಗಿ ಬಂದ 'ಕೈಟ್' ಸಂಸ್ಥೆ, ಉಬುಂಟು ಆಧಾರಿತ ವ್ಯವಸ್ಥೆಯನ್ನು ಶಾಲೆಗಳಿಗೆ ಒದಗಿಸುತ್ತ ಬಂದಿವೆ. ಮುಕ್ತ ಡ್ರೈವರ್‌ಗಳು ಅದರೊಳಗೇ ಇವೆ. ಆದುದರಿಂದ ಬೇರೆಡೆ ಹುಡುಕುವ ಅಗತ್ಯ ಹೆಚ್ಚಾಗಿ ಬರುವುದಿಲ್ಲ.

ಮೊದಲಿಗೆ ವಿದ್ಯುತ್ ಸಂಪರ್ಕ ತೆಗೆದು ಒಳಗಿನ ಧೂಳು ಸ್ವಚ್ಛಗೊಳಿಸಿ, ಕಾರ್ಡನ್ನು ತೆಗೆದು ಮತ್ತೆ ಬಿಗಿಯಾಗಿ ಕೂರಿಸಿ. ನಮ್ಮ ಮಳೆಗಾಲದ ತೇವದಿಂದ ಕಾರ್ಡ್‌ನ ಅಂಚಿನ ಲೋಹದ ಹಲ್ಲುಗಳು ಮಂಕಾಗಿರುತ್ತವೆ. ಮೃದುವಾದ ರಬ್ಬರಿನಿಂದ ಮೆಲ್ಲನೆ ಉಜ್ಜಬಹುದು. ಎರಡನೆಯದಾಗಿ, ಏನನ್ನೂ ಅಳಿಸದೆ ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಚಾಲನೆ ಮಾಡಿ ನೋಡಿ. ಪರದೆ ಸರಿಯಾಗಿ ಕಂಡರೆ ಕಾರ್ಡ್ ಜೀವಂತವಾಗಿದೆ ಎಂದರ್ಥ. ಮೂರನೆಯದಾಗಿ, ಸೆಟ್ಟಿಂಗ್ಸ್‌ನ 'ಅಬೌಟ್' ಪುಟದಲ್ಲಿ 'ಗ್ರಾಫಿಕ್ಸ್' ಎಂಬ ಸಾಲನ್ನು ಗಮನಿಸಿ. ಅಲ್ಲಿ 'ಎಲ್‌ಎಲ್‌ವಿಎಂಪೈಪ್' ಎಂದಿದ್ದರೆ ಕಾರ್ಡ್‌ನ ಕೆಲಸವನ್ನು ಮುಖ್ಯ ಪ್ರೊಸೆಸರ್ ಮಾಡುತ್ತಿದೆ, ನಿಧಾನಗತಿಗೆ ಅದೇ ಕಾರಣ. ನಾಲ್ಕನೆಯದಾಗಿ, ಕಂಪ್ಯೂಟರ್‌ನಲ್ಲಿ ಈಗಾಗಲೇ ಇರುವ ಉಬುಂಟುವಿನ 'ಅಡಿಷನಲ್ ಡ್ರೈವರ್ಸ್' ಕಿಟಕಿಯಲ್ಲಿ ಕಂಪೆನಿಯ ಡ್ರೈವರ್ ಆಯ್ಕೆಯಾಗಿದ್ದರೆ ಅದನ್ನು ಬಿಟ್ಟು ನೂವೋ ಆರಿಸಿ ಮರುಚಾಲನೆ ಮಾಡಿ. ಇಷ್ಟಕ್ಕೂ ಮೊದಲು ಮಕ್ಕಳ ಫೋಟೋ, ದಾಖಲೆಗಳ ಪ್ರತಿ ತೆಗೆದಿಡಲು ಮರೆಯಬಾರದು.

ಶಾಲೆಗೆ ಸರಕಾರದಿಂದ ಬಂದ ಲ್ಯಾಪ್‌ಟಾಪ್‌ಗಳಲ್ಲಿ ಮಾತ್ರ ಇಂತಹ ಪ್ರಯೋಗ ಬೇಡ. ಅವುಗಳ ವಿಷಯದಲ್ಲಿ ಶಾಲೆಯ ಕೈಟ್ ಮಾಸ್ಟರ್ ಅಥವಾ ತರಬೇತುದಾರರನ್ನೇ ಕೇಳಬೇಕು.

ಎಲ್ಲಿ ಎಚ್ಚರಿಕೆ ಬೇಕು?

ಸಮುದಾಯದ ಡ್ರೈವರ್‌ಗಳೆಲ್ಲ ಒಂದೇ ಬಗೆಯವಲ್ಲ. ಕರ್ನೆಲ್‌ನೊಳಗಿರುವ ನೂವೋ, ರೇಡಿಯಾನ್ ಡ್ರೈವರ್‌ಗಳನ್ನು ಅನೇಕರು ಬಹಿರಂಗವಾಗಿ ಪರಿಶೀಲಿಸಿರುತ್ತಾರೆ. ಎರಡನೆಯ ಬಗೆಯಲ್ಲಿ, ಕಂಪೆನಿಯ ಹಳೆಯ ಡ್ರೈವರ್‌ನ ಹೊರಪದರವನ್ನು ಸ್ವಯಂಸೇವಕರು ಹೊಸ ಕರ್ನೆಲ್‌ಗೆ ತಕ್ಕಂತೆ ತಿದ್ದುತ್ತಾರೆ. ಆದರೆ ಒಳಗಿನ ಮುಚ್ಚಿದ ಭಾಗದ ಭದ್ರತಾ ದೋಷಗಳನ್ನು ಅವರೂ ಸರಿಪಡಿಸಲಾರರು. ಮೂರನೆಯದು ವಿಂಡೋಸ್‌ಗಾಗಿ ಮಾರ್ಪಡಿಸಿದ ಡ್ರೈವರ್‌ಗಳು. ಮಾರ್ಪಡಿಸಿದೊಡನೆ ಕಂಪೆನಿಯ ಡಿಜಿಟಲ್ ಸಹಿ ಅಸಿಂಧುವಾಗುತ್ತದೆ. ಹಾಗಾಗಿ ಸಹಿ ಪರಿಶೀಲನೆಯನ್ನೇ ನಿಲ್ಲಿಸಿರೆಂದು ಹಲವು ಸೂಚನೆಗಳು ಹೇಳುತ್ತವೆ. ಅದು ಮನೆಯ ಬೀಗ ತೆಗೆದಿಟ್ಟಂತೆ. ಬ್ಯಾಂಕ್ ವ್ಯವಹಾರ ನಡೆಸುವ ಕಂಪ್ಯೂಟರ್‌ನಲ್ಲಿ ಇದನ್ನು ಮಾಡಲೇಬಾರದು.

ನಾವು ಬಲ್ಲ ಕುಟುಂಬವೊಂದು ಜಾಹೀರಾತು ನಂಬಿ 'ಉಚಿತ ಡ್ರೈವರ್ ಅಪ್‌ಡೇಟರ್' ಒಂದನ್ನು ಇಳಿಸಿಕೊಂಡಿತು. ಡ್ರೈವರ್ ಬರಲಿಲ್ಲ, ಪರದೆಯ ತುಂಬ ಜಾಹೀರಾತುಗಳು ಬಂದವು. ಕೊನೆಗೆ ಎಲ್ಲವನ್ನೂ ಅಳಿಸಬೇಕಾಯಿತು. ಮಗುವಿನ ಪ್ರಾಜೆಕ್ಟ್ ಕೂಡ ಅದರೊಂದಿಗೆ ಹೋಯಿತು.

ಮಿತಿಗಳನ್ನೂ ಹೇಳಬೇಕು. ನೂವೋ ಬಳಸಿದಾಗ ಹಲವು ಕಾರ್ಡ್‌ಗಳು ಪೂರ್ಣ ವೇಗಕ್ಕೆ ಏರುವುದಿಲ್ಲ. ಲಿಬ್ರೆ ಆಫೀಸ್, ಜಿಂಪ್, ಇಂಕ್‌ಸ್ಕೇಪ್, ಜಿಯೋಜೀಬ್ರಾಗಳಿಗೆ ಅದು ಸಾಕು. ಆದರೆ ತ್ರಿಆಯಾಮ ಚಿತ್ರಣದ ಬ್ಲೆಂಡರ್ 4 ಮತ್ತು ನಂತರದ ಆವೃತ್ತಿಗಳು ಓಪನ್‌ಜಿಎಲ್ 4.3 ಬೇಡುತ್ತವೆ. ಜಿಫೋರ್ಸ್ 8400 ಅಥವಾ 210 ಕಾರ್ಡ್‌ಗಳು 3.3ಕ್ಕೇ ನಿಲ್ಲುತ್ತವೆ. ಅಂತಹ ಕಡೆ ಹಳೆಯ ಆವೃತ್ತಿಯೇ ಗತಿ. ಹಳೆಯ ಕಂಪ್ಯೂಟರ್ ಸಾಕಲ್ಲ ಎಂದು ಹೊಸತನ್ನು ಕೇಳುವ ನಮ್ಮ ಹಕ್ಕನ್ನು ಯಾರೂ ನಿರಾಕರಿಸುವಂತೆಯೂ ಆಗಬಾರದು. ದುರಸ್ತಿ ನಮ್ಮ ಜಾಣತನ. ಮಕ್ಕಳಿಗೆ ಸಾಕಷ್ಟು ಸಲಕರಣೆ ಒದಗಿಸುವುದು ಸರಕಾರದ ಹೊಣೆ.

ಕಂಪ್ಯೂಟರ್‌ನಲ್ಲಿ ನಾವಿಂದು ಸಲೀಸಾಗಿ ಕನ್ನಡ ಬರೆಯುವುದಕ್ಕೂ ಮಾರುಕಟ್ಟೆಯ ಕೃಪೆಯೊಂದೇ ಕಾರಣವಲ್ಲ. ಕೆ.ಪಿ. ರಾವ್ ಅವರಂತಹವರು ಕೀಲಿಮಣೆಯ ವಿನ್ಯಾಸವನ್ನು ರೂಪಿಸಿ ಸರ್ವರಿಗೂ ಬಿಟ್ಟುಕೊಟ್ಟದ್ದರಿಂದ ಆ ದಾರಿ ತೆರೆಯಿತು.

ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟೆ. ಗುಜರಿಯವನಿಗೆ ಕೊಡುವ ಮೊದಲು ಆ ಕಂಪ್ಯೂಟರನ್ನು ನಿಮ್ಮ ಮಗುವಿನ ಶಾಲೆಯ ಅಧ್ಯಾಪಕರಿಗೆ ಒಮ್ಮೆ ತೋರಿಸಿ. ನಿಮಗೆ ಬೇಡವಾದರೆ ಪಕ್ಕದ ಮನೆಯ ಮಗುವಿಗೆ ಬೇಕಾದೀತು. ಮುಂದಿನ ರಕ್ಷಕ ಶಿಕ್ಷಕ ಸಂಘದ ಸಭೆಯಲ್ಲಿ, ಯಾರ ಮನೆಯಲ್ಲಿ ಎಷ್ಟು ಕಂಪ್ಯೂಟರ್‌ಗಳು ಮೂಲೆ ಸೇರಿವೆ ಎಂಬುದನ್ನು ಬರೆದಿಟ್ಟುಕೊಳ್ಳುವುದರಿಂದ ಕೆಲಸ ಆರಂಭಿಸೋಣ.