ಹೀಟ್ ಪಂಪ್ ಕೊಳ್ಳುವ ಮುನ್ನ ಹೈನುಗಾರರು ತಿಳಿಯಬೇಕಾದ ಸಂಗತಿಗಳು

ಹೈನುಗಾರರ ಮನೆಯಲ್ಲಿ ದಿನ ಆರಂಭವಾಗುವುದೇ ಬಿಸಿನೀರಿನಿಂದ. ಕೋಳಿ ಕೂಗುವ ಹೊತ್ತಿಗೆ ಹಂಡೆಯ ಒಲೆಗೆ ಬೆಂಕಿ ಬೀಳಬೇಕು. ಕೆಚ್ಚಲು ತೊಳೆಯಲು ಉಗುರುಬೆಚ್ಚಗಿನ ನೀರು, ಹಾಲು ಕರೆಯುವ ಯಂತ್ರ ಮತ್ತು ಕ್ಯಾನು ತೊಳೆಯಲು ಸುಡುನೀರು, ಮನೆಮಂದಿಯ ಸ್ನಾನಕ್ಕೆ ನೀರು, ಇಷ್ಟೂ ಬೇಕಾಗುವುದು ಬೆಳಗಿನ ಎರಡು ಗಂಟೆಯ ಒಳಗೆ. ಸೌದೆ ಹೊಂದಿಸುವವರೂ ಹೊಗೆ ಕುಡಿಯುವವರೂ ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳೇ. ಆದ್ದರಿಂದ ಹೀಟ್ ಪಂಪ್ ಎಂಬ ನೀರು ಕಾಯಿಸುವ ಯಂತ್ರದ ಬಗ್ಗೆ ಸದಸ್ಯರು ವಿಚಾರಿಸುತ್ತಿರುವುದು ಸಹಜವೇ.

ಈ ಲೇಖನ ಬರೆಯಲು ಒಂದು ಕಾರಣವಿದೆ. ಕಳೆದ ಮಳೆಗಾಲದಲ್ಲಿ, ಎಂಟು ಮಿಶ್ರತಳಿ ಹಸುಗಳಿರುವ ಒಬ್ಬ ಸದಸ್ಯರ ಹಾಲು ಸಂಘದಿಂದ ಎರಡು ಸಲ ವಾಪಸಾಯಿತು. ಮೀಥಿಲೀನ್ ಬ್ಲೂ ಪರೀಕ್ಷೆಯಲ್ಲಿ ನೀಲಿ ಬಣ್ಣ ಬಹಳ ಬೇಗ ಮಾಯವಾಗುತ್ತಿತ್ತು; ಎಂದರೆ ಹಾಲಿನಲ್ಲಿ ಬ್ಯಾಕ್ಟೀರಿಯಾ ವಿಪರೀತವಾಗಿದ್ದವು. ನಾನು ಹೋಗಿ ಎಲ್ಲ ಹಸುಗಳ ಕೆಚ್ಚಲು ಪರೀಕ್ಷಿಸಿದೆ. ಕೆಚ್ಚಲು ಬಾವು ಇರಲಿಲ್ಲ. ಕರೆಯುವ ಯಂತ್ರದ ರಬ್ಬರ್ ಲೈನರ್ ಬಿಚ್ಚಿ ಒಳಗೆ ಬೆರಳಾಡಿಸಿದಾಗ ಜಿಡ್ಡು ಅಂಟಿತು. ತೊಳೆಯುವ ನೀರಿಗೆ ಥರ್ಮಾಮೀಟರ್ ಇಟ್ಟರೆ 41 ಡಿಗ್ರಿ. ಸಾಲ ಮಾಡಿ ಕೊಂಡ ಹೊಸ ಹೀಟ್ ಪಂಪ್ ಮನೆಯಲ್ಲಿದ್ದರೂ ನೀರು ಸಾಲುತ್ತಿರಲಿಲ್ಲ, ಕರೆಂಟ್ ಬಿಲ್ಲು ಮಾತ್ರ ಏರಿತ್ತು. ಯಂತ್ರ ಕೆಟ್ಟಿರಲಿಲ್ಲ. ಅದರ ಗಾತ್ರ, ಇಟ್ಟ ಜಾಗ, ನಡೆಸುವ ಕ್ರಮ ಈ ಮೂರೂ ತಪ್ಪಿದ್ದವು. ಬೇರೆಯವರಿಗೆ ಹಾಗಾಗಬಾರದು.

ಹೀಟ್ ಪಂಪ್ ಎಂದರೇನು?

ನಿಮ್ಮ ಸಂಘದಲ್ಲಿ ಬಲ್ಕ್ ಮಿಲ್ಕ್ ಕೂಲರ್ ಇದ್ದರೆ ಅದರ ಕಂಡೆನ್ಸರ್ ಫ್ಯಾನಿನ ಎದುರು ಕೈ ಹಿಡಿದು ನೋಡಿ. ಬಿಸಿಗಾಳಿ ಬರುತ್ತದೆ. ಹಾಲನ್ನು 4 ಡಿಗ್ರಿಗೆ ಇಳಿಸುವಾಗ ಅದರಿಂದ ತೆಗೆದ ಶಾಖವೇ ಅಲ್ಲಿ ಹೊರಬೀಳುವುದು. ಮನೆಯ ಫ್ರಿಜ್ಜಿನ ಹಿಂಬದಿ ಬೆಚ್ಚಗಿರುವುದೂ ಇದೇ ಕಾರಣಕ್ಕೆ. ಹೀಟ್ ಪಂಪ್ ಎಂದರೆ ಇದೇ ಯಂತ್ರವನ್ನು ತಿರುಗಿಸಿ ಬಳಸುವುದು. ಇದು ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಹೀರಿ ಟ್ಯಾಂಕಿನ ನೀರಿಗೆ ಸೇರಿಸುತ್ತದೆ. ತಣ್ಣಗಾದ ಗಾಳಿಯನ್ನು ಹೊರಗೆ ಬಿಡುತ್ತದೆ. ಇದು ಹೊಸ ಮಾಯಾಜಾಲವೇನಲ್ಲ. ಈ ತತ್ತ್ವವನ್ನು ವಿಜ್ಞಾನಿ ಲಾರ್ಡ್ ಕೆಲ್ವಿನ್ 1852ರಲ್ಲೇ ವಿವರಿಸಿದ್ದರು. 1938ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಪುರಭವನವನ್ನು ನದಿಯ ನೀರಿನ ಶಾಖದಿಂದ ಬೆಚ್ಚಗಿಡಲು ಇಂಥ ಯಂತ್ರವನ್ನು ಅಳವಡಿಸಲಾಯಿತು.

ಗೀಸರ್ ಶಾಖವನ್ನು ಹುಟ್ಟಿಸುತ್ತದೆ, ಹೀಟ್ ಪಂಪ್ ಶಾಖವನ್ನು ಎತ್ತಿ ಸಾಗಿಸುತ್ತದೆ. ಬೋರ್‌ವೆಲ್ ಪಂಪನ್ನು ನೆನೆಯಿರಿ. ನೀರಿನ ಮಟ್ಟ ಮೇಲಿದ್ದರೆ ಕಡಿಮೆ ಕರೆಂಟಿನಲ್ಲಿ ಹೆಚ್ಚು ನೀರು. ಆಳಕ್ಕೆ ಹೋದಷ್ಟೂ ಖರ್ಚು ಜಾಸ್ತಿ. ಇಲ್ಲಿಯೂ ಹಾಗೆಯೇ. ಹೊರಗಿನ ಗಾಳಿಗೂ ಟ್ಯಾಂಕಿನ ನೀರಿಗೂ ಇರುವ ಉಷ್ಣತೆಯ ಅಂತರವೇ ಈ ಪಂಪು ಎತ್ತಬೇಕಾದ ಆಳ. ಗಾಳಿ ಬೆಚ್ಚಗಿದ್ದು ನೀರಿನ ಗುರಿ ಮಿತವಾಗಿದ್ದರೆ ಖರ್ಚು ಕಡಿಮೆ. ಚಳಿಯ ಮುಂಜಾವಿನಲ್ಲಿ 65 ಡಿಗ್ರಿ ನೀರು ಬೇಕೆಂದರೆ ಖರ್ಚು ಹೆಚ್ಚು. ಮುಂದೆ ಹೇಳುವ ಸಲಹೆಗಳೆಲ್ಲ ಈ ಒಂದು ಮಾತಿನ ವಿಸ್ತಾರ.

ಉಳಿತಾಯದ ಲೆಕ್ಕ

ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಒಂದು ಕಿಲೋಕ್ಯಾಲೊರಿ ಶಾಖ ಬೇಕು. ಒಂದು ಯೂನಿಟ್ ವಿದ್ಯುತ್ತಿನಲ್ಲಿ 860 ಕಿಲೋಕ್ಯಾಲೊರಿ ಇದೆ. 150 ಲೀಟರ್ ನೀರನ್ನು 25ರಿಂದ 55 ಡಿಗ್ರಿಗೆ ಏರಿಸಲು 4,500 ಕಿಲೋಕ್ಯಾಲೊರಿ, ಅಂದರೆ ಸುಮಾರು 5.2 ಯೂನಿಟ್. ಗೀಸರಿನಲ್ಲಿ ಅಷ್ಟೂ ಯೂನಿಟ್ ಖರ್ಚಾಗುತ್ತದೆ. ಹೀಟ್ ಪಂಪ್ ನಮ್ಮ ಹವೆಯಲ್ಲಿ, ಸರಿಯಾಗಿ ನಡೆಸಿದರೆ, ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಮೂರು ಯೂನಿಟ್ ಶಾಖ ಕೊಡುತ್ತದೆ. ಆದ್ದರಿಂದ ಅದಕ್ಕೆ ಸುಮಾರು 1.7 ಯೂನಿಟ್ ಸಾಕು. ತಿಂಗಳಿಗೆ ಲೆಕ್ಕ ಹಾಕಿದರೆ ಗೀಸರಿಗೆ 155ಕ್ಕೂ ಹೆಚ್ಚು, ಹೀಟ್ ಪಂಪಿಗೆ 50ರಿಂದ 55 ಯೂನಿಟ್.

2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯ ಫಲಾನುಭವಿಗಳು ಈ ಅಂತರವನ್ನು ಗಮನಿಸಬೇಕು. ಯೋಜನೆಯಲ್ಲಿ ಪ್ರತಿ ಮನೆಗೂ ಒಂದು ಮಿತಿ ಇದೆ. ತಿಂಗಳ ಬಳಕೆ 200 ಯೂನಿಟ್ ಮೀರಿದರೆ ಪೂರ್ತಿ ಬಿಲ್ಲನ್ನು ಕಟ್ಟಬೇಕು. ದೀಪ, ಫ್ಯಾನು, ಮಿಕ್ಸಿಗಳಿಗೆ 90 ಯೂನಿಟ್ ಬಳಸುವ ಮನೆ ಗೀಸರಿನಿಂದ 200 ದಾಟುತ್ತದೆ, ಹೀಟ್ ಪಂಪಿನಿಂದ ದಾಟುವುದಿಲ್ಲ.

ಯಾರಿಗೆ ಬೇಕು, ಯಾರಿಗೆ ಬೇಡ?

ಎರಡು ಹಸು ಕಟ್ಟಿ ಕೈಯಲ್ಲಿ ಕರೆಯುವವರಿಗೆ ಇದರ ಅಗತ್ಯವಿಲ್ಲ. ಇದಕ್ಕಾಗಿ ಸಾಲ ಮಾಡಲೇಬೇಡಿ. ಗೋಬರ್ ಗ್ಯಾಸ್ ಸ್ಥಾವರ ಇರುವವರು ಮೊದಲು ಅದನ್ನು ಪೂರ್ತಿ ಬಳಸಿಕೊಳ್ಳಿ. ಬಿಸಿಲು ಚೆನ್ನಾಗಿರುವ ಬಯಲುಸೀಮೆಯಲ್ಲಿ ಸೋಲಾರ್ ಹೀಟರೇ ಅಗ್ಗ, ಏಕೆಂದರೆ ಬಿಸಿಲಿಗೆ ಬಿಲ್ಲಿಲ್ಲ. ಮಲೆನಾಡಿನಂತೆ ತಿಂಗಳುಗಟ್ಟಲೆ ಮೋಡ ಮುಸುಕುವ ಕಡೆ, ನೆರಳಿನ ಮನೆಗಳಲ್ಲಿ, ಐದಾರಕ್ಕೂ ಹೆಚ್ಚು ಹಸು ಇಟ್ಟು ಯಂತ್ರದಿಂದ ಕರೆಯುವ ದೊಡ್ಡ ಕುಟುಂಬಗಳಲ್ಲಿ ಹೀಟ್ ಪಂಪ್ ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಟ್ಯಾಂಕಿನ ಗಾತ್ರ

ಗೀಸರ್ ಅರ್ಧ ಗಂಟೆಯಲ್ಲಿ ಒಂದು ಬಕೆಟ್ ನೀರು ಕಾಯಿಸೀತು. ಹೀಟ್ ಪಂಪ್ ನಿಧಾನಿ. ಒಂದು ಟ್ಯಾಂಕ್ ಕಾಯಲು ಯಂತ್ರದ ಗಾತ್ರ ನೋಡಿಕೊಂಡು 2ರಿಂದ 4 ಗಂಟೆ ಬೇಕು. ಮುಗಿದುಹೋದ ಬಿಸಿನೀರು ಕೂಡಲೇ ಮತ್ತೆ ಸಿಗದು. ಆದ್ದರಿಂದ ಬೆಳಗಿನ ಎರಡು ಗಂಟೆಗೆ ಬೇಕಾದ ನೀರಷ್ಟೂ ಟ್ಯಾಂಕಿನಲ್ಲಿ ಮೊದಲೇ ಸಿದ್ಧವಿರಬೇಕು.

ಆರು ಜನ, ಎಂಟು ಹಸುಗಳ ಮನೆಯ ಲೆಕ್ಕ ನೋಡೋಣ. 55 ಡಿಗ್ರಿಯ ನೀರಿಗೆ ಅಷ್ಟೇ ತಣ್ಣೀರು ಬೆರೆಸಿದರೆ ಸ್ನಾನದ ಹದಕ್ಕೆ ಬರುತ್ತದೆ. ಒಬ್ಬರಿಗೆ 12 ಲೀಟರಿನಂತೆ ಸ್ನಾನಕ್ಕೆ 72 ಲೀಟರ್. ಕರೆಯುವ ಯಂತ್ರಕ್ಕೆ ಒಂದು ಹೊತ್ತಿಗೆ ಸುಮಾರು 25 ಲೀಟರ್. ಕೆಚ್ಚಲು ತೊಳೆಯಲು, ಕ್ಯಾನು ಮತ್ತು ಕರುವಿನ ಪಾತ್ರೆಗೆ ಇನ್ನು 15 ಲೀಟರ್. ಬೆಳಗಿಗೆ ಒಟ್ಟು 110 ಲೀಟರ್ ದಾಟಿತು. ಇಂಥ ಮನೆಗೆ 150 ಲೀಟರ್ ಟ್ಯಾಂಕ್ ಬೇಕು. ನಾನು ಹೇಳಿದ ಸದಸ್ಯರ ಮನೆಯಲ್ಲಿ ಏಳು ಜನರಿದ್ದು ಟ್ಯಾಂಕ್ 100 ಲೀಟರಿನದಾಗಿತ್ತು. ಸ್ನಾನಗಳೆಲ್ಲ ಮುಗಿದ ಮೇಲೆ ಉಳಿದ ಬೆಚ್ಚನೆ ನೀರು ಯಂತ್ರದ ಪಾಲಿಗೆ! ಹಾಗೆಂದು ಅತಿ ದೊಡ್ಡದನ್ನೂ ಕೊಳ್ಳಬೇಡಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಟ್ಯಾಂಕಿಗೂ ಸಲ್ಲುತ್ತದೆ. ಬಳಸದ ನೀರು ಕಾದು ತಣ್ಣಗಾಗುವುದೂ ನಷ್ಟವೇ.

ಎಲ್ಲಿ ಇಡಬೇಕು?

ಕೊಟ್ಟಿಗೆಯ ಒಳಗೆ ಅಥವಾ ಗಂಜಲದ ಚರಂಡಿಯ ಬಳಿ ಖಂಡಿತ ಇಡಬೇಡಿ. ಗಂಜಲದಿಂದ ಏಳುವ ಅಮೋನಿಯ ತಾಮ್ರದ ಕೊಳವೆಗಳನ್ನು ತಿನ್ನುತ್ತದೆ. ಹೊಟ್ಟು, ಹುಲ್ಲಿನ ಧೂಳು ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ತುಂಬಿಕೊಂಡರೆ ಯಂತ್ರ ಗಾಳಿಯಿಂದ ಶಾಖ ಹೀರಲಾರದು. ಹೊರಬರುವ ತಣ್ಣನೆ ಗಾಳಿ ಎಳೆಗರುಗಳ ಮೇಲೆ ಬೀಸಬಾರದು. ನಾಲ್ಕೂ ಕಡೆ ಗಾಳಿಯಾಡುವ, ಮಳೆ ನೇರ ಬೀಳದ, ಬಚ್ಚಲಿಗೆ ಹತ್ತಿರವಾದ ಜಾಗ ಒಳ್ಳೆಯದು. ಕೊಳವೆ ಉದ್ದವಾದಷ್ಟೂ ಶಾಖ ಸೋರುತ್ತದೆ. ಬಿಸಿನೀರಿನ ಕೊಳವೆಗೆ ಶಾಖನಿರೋಧಕ ಹೊದಿಕೆ ಸುತ್ತಿಸಿ. ತಿಂಗಳಿಗೊಮ್ಮೆ ಮೇನ್ ಸ್ವಿಚ್ ಆರಿಸಿ, ಮೃದುವಾದ ಬ್ರಷ್‌ನಿಂದ ರೆಕ್ಕೆಗಳ ಧೂಳು ತೆಗೆಯಿರಿ.

ನಡೆಸುವ ಕ್ರಮ

1. ಉಷ್ಣತೆಯನ್ನು 50ರಿಂದ 55 ಡಿಗ್ರಿಗೆ ಇಡಿ. ಯಂತ್ರ ತೊಳೆಯುವ ಕ್ಷಾರದ ದ್ರಾವಣಕ್ಕೆ ಆರಂಭದಲ್ಲಿ 60ರಿಂದ 70 ಡಿಗ್ರಿ ಬೇಕು, ನಿಜ. ಆದರೆ ಆ 15 ಲೀಟರಿಗಾಗಿ ಟ್ಯಾಂಕಿನ 150 ಲೀಟರನ್ನೂ 70ಕ್ಕೆ ಏರಿಸುವುದು ಜಾಣತನವಲ್ಲ. ಟ್ಯಾಂಕಿನಿಂದ 55 ಡಿಗ್ರಿಯ ನೀರು ಹಿಡಿದು ಉಳಿದ 15 ಡಿಗ್ರಿಯನ್ನು ಗ್ಯಾಸ್ ಒಲೆಯಲ್ಲಿ ಏರಿಸಿಕೊಳ್ಳಿ. ಕೆಲವೇ ನಿಮಿಷದ ಕೆಲಸ.

2. ಟೈಮರ್ ಬಳಸಿ. ಮಧ್ಯಾಹ್ನ 12ರಿಂದ 4ರವರೆಗೆ ಗಾಳಿ ಬೆಚ್ಚಗಿರುತ್ತದೆ. ಪಂಪು ಎತ್ತಬೇಕಾದ ಆಳ ಕಡಿಮೆ. ಸಂಜೆ ಬಳಸಿದ ನೀರಿನ ಬದಲಿಗೆ ರಾತ್ರಿ 8ರ ಸುಮಾರಿಗೆ ಇನ್ನೊಂದು ಸಣ್ಣ ಸರದಿ ಇಡಿ. ಒಳ್ಳೆಯ ಹೊದಿಕೆಯ ಟ್ಯಾಂಕಿನಲ್ಲಿ ಬೆಳಗಿನವರೆಗೆ ಕೆಲವೇ ಡಿಗ್ರಿ ಇಳಿಯುತ್ತದೆ. ನಿಮ್ಮ ಊರಿನಲ್ಲಿ ಕರೆಂಟ್ ಇರುವ ಹೊತ್ತಿಗೆ ಇದನ್ನು ಹೊಂದಿಸಿಕೊಳ್ಳಿ.

3. ಬಹಳಷ್ಟು ಹೀಟ್ ಪಂಪುಗಳ ಟ್ಯಾಂಕಿನೊಳಗೆ ಗೀಸರಿನಂಥದೇ ಒಂದು ಕಾಯಿಲ್ ಇರುತ್ತದೆ. 'ಬೂಸ್ಟ್' ಅಥವಾ 'ಹೈಬ್ರಿಡ್' ಗುಂಡಿ ಒತ್ತಿದರೆ ಅದೂ ಉರಿಯುತ್ತದೆ. ಆ ಸದಸ್ಯರು ನೀರು ಸಾಲದೆಂದು ಬೂಸ್ಟ್ ಒತ್ತಿ ಹಾಗೇ ಬಿಟ್ಟಿದ್ದರು. ಬಿಲ್ಲು ಏರಿದ್ದು ಅದರಿಂದಲೇ. ದಿನನಿತ್ಯ 'ಇಕೊ' ಕ್ರಮದಲ್ಲೇ ಇರಲಿ; ಬೂಸ್ಟ್ ನೆಂಟರು ಬಂದ ದಿನಕ್ಕೆ.

4. ವಾರಕ್ಕೊಮ್ಮೆ ಟ್ಯಾಂಕನ್ನು 60 ಡಿಗ್ರಿಗೆ ಏರಿಸಿ. 20ರಿಂದ 45 ಡಿಗ್ರಿಯ ನಿಂತ ನೀರಿನಲ್ಲಿ ಲೀಜಿಯೊನೆಲ್ಲಾ ಎಂಬ ಶ್ವಾಸಕೋಶದ ರೋಗಾಣು ಬೆಳೆಯಬಲ್ಲದು. ಆ ದಿನ ಮಕ್ಕಳು ನಲ್ಲಿ ಮುಟ್ಟದಂತೆ ನೋಡಿಕೊಳ್ಳಿ; ಮೈ ಸುಟ್ಟೀತು.

5. ಮೊದಲು ಕರೆಯುವ ಯಂತ್ರ, ಆಮೇಲೆ ಸ್ನಾನ. ಕರೆದ ಕೂಡಲೇ ಉಗುರುಬೆಚ್ಚಗಿನ ನೀರಿನಲ್ಲಿ ಹಾಲಿನ ಅಂಶ ಜಾಲಿಸಿ, ನಂತರ ಬಿಸಿ ದ್ರಾವಣ ಹಾಯಿಸಿ, ಕೊನೆಗೆ ಶುದ್ಧ ನೀರು ಹಾಯಿಸಿ. ದ್ರಾವಣ ಹೊರಬರುವಾಗಲೂ 45 ಡಿಗ್ರಿಗಿಂತ ಕೆಳಗಿರಬಾರದು. ತಣ್ಣಗಾದರೆ ಕರಗಿದ ಕೊಬ್ಬು ಮತ್ತೆ ಅಂಟಿಕೊಳ್ಳುತ್ತದೆ.

ವಿದ್ಯುತ್ ಸುರಕ್ಷತೆ

ವೋಲ್ಟೇಜ್ ಇಳಿದರೆ ಗೀಸರ್ ನಿಧಾನವಾಗಿ ಕಾಯುತ್ತದೆ, ಅಷ್ಟೇ. ಆದರೆ ಹೀಟ್ ಪಂಪಿನ ಕಂಪ್ರೆಸರ್ ಮೋಟಾರು ಬಿಸಿಯಾಗಿ ಸುಟ್ಟುಹೋಗಬಹುದು. ತಯಾರಕರು ಹೇಳಿದ ಸಾಮರ್ಥ್ಯದ ಸ್ಟೆಬಿಲೈಸರ್ ಇರಲಿ. ಕರೆಂಟ್ ಹೋಗಿ ಬಂದಾಗ ಕೆಲವು ನಿಮಿಷ ತಡೆದು ಚಾಲೂ ಆಗುವ ವ್ಯವಸ್ಥೆಯೂ ಇರಲಿ. ಅರ್ಥಿಂಗ್ ಸರಿಯಿರಲೇಬೇಕು, 30 ಮಿಲಿ ಆಂಪಿಯರಿನ ಸೋರಿಕೆ ತಡೆಯುವ ಸ್ವಿಚ್ ಹಾಕಿಸಿ. ಒದ್ದೆ ನೆಲದಲ್ಲಿ ನಿಂತ ಹಸುವಿಗೆ, ನಮಗೆ ತಿಳಿಯದ ಕೆಲವೇ ವೋಲ್ಟಿನ ಸೋರಿಕೆಯೂ ತಾಗುತ್ತದೆ. ಹಸು ಕಾರಣವಿಲ್ಲದೆ ಒದೆಯುತ್ತಿದ್ದರೆ, ಹಾಲು ಇಳಿಸದಿದ್ದರೆ, ವೈದ್ಯರ ಜೊತೆ ಎಲೆಕ್ಟ್ರೀಷಿಯನ್‌ನನ್ನೂ ಕರೆಸಿ.

ಕೊಳ್ಳುವಾಗ ಕೇಳಬೇಕಾದ್ದು

ಎಷ್ಟು ಡಿಗ್ರಿ ಗಾಳಿಯಲ್ಲಿ, ಎಷ್ಟು ಡಿಗ್ರಿ ನೀರಿಗೆ ಎಷ್ಟು ಪಟ್ಟು ಶಾಖ ಕೊಡುತ್ತದೆ ಎಂದು ಬರಹದಲ್ಲಿ ಕೇಳಿ. ಬರೀ 'ನಾಲ್ಕು ಪಟ್ಟು' ಎಂಬ ಮಾತಿಗೆ ಅರ್ಥವಿಲ್ಲ. ಕಾಯಿಲ್ ಇಲ್ಲದೆ ಎಷ್ಟು ಡಿಗ್ರಿವರೆಗೆ ಕಾಯಿಸುತ್ತದೆ? ಗಡಸು ಬೋರ್‌ವೆಲ್ ನೀರಿಗೆ ಟ್ಯಾಂಕಿನ ಒಳಮೈ ತಡೆಯುತ್ತದೆಯೇ, ಒಳಗಿನ ಮೆಗ್ನೀಸಿಯಂ ಸರಳನ್ನು ಎಷ್ಟು ವರ್ಷಕ್ಕೊಮ್ಮೆ ಬದಲಿಸಬೇಕು? ರಿಪೇರಿಗೆ ಬರುವ ತಂತ್ರಜ್ಞ ಎಷ್ಟು ದೂರದಲ್ಲಿದ್ದಾನೆ? ಕೊನೆಯ ಪ್ರಶ್ನೆಗೆ ಸಮಾಧಾನಕರ ಉತ್ತರ ಸಿಗದಿದ್ದರೆ ಕೊಳ್ಳುವುದನ್ನು ಮುಂದೂಡುವುದೇ ಲೇಸು.

ಆ ಸದಸ್ಯರು ಯಂತ್ರವನ್ನು ಚರಂಡಿಯ ಬಳಿಯಿಂದ ಬಚ್ಚಲಿನ ಹೊರಗೋಡೆಗೆ ಸ್ಥಳಾಂತರಿಸಿದರು, ಲೈನರ್ ಬದಲಿಸಿದರು, ಸ್ನಾನವನ್ನು ಯಂತ್ರ ತೊಳೆದ ನಂತರಕ್ಕೆ ಇಟ್ಟುಕೊಂಡರು. ಹತ್ತು ದಿನದಲ್ಲಿ ಅವರ ಹಾಲು ಮತ್ತೆ ಪರೀಕ್ಷೆಯಲ್ಲಿ ಪಾಸಾಯಿತು. ಹೊಸ ಟ್ಯಾಂಕ್ ಕೊಳ್ಳಬೇಕಾಗಲಿಲ್ಲ. ಸದಸ್ಯ ಬಂಧುಗಳು ಹೀಟ್ ಪಂಪ್ ಕೊಳ್ಳುವ ಮುನ್ನ ಒಂದು ವಾರ ತಮ್ಮ ಮನೆಯ ಬಿಸಿನೀರನ್ನು ಬಕೆಟ್ಟಿನಲ್ಲಿ ಅಳೆದು ಬರೆದಿಡಲಿ. ಆ ಚೀಟಿಯೊಂದಿಗೆ ವಿಸ್ತರಣಾಧಿಕಾರಿಗಳನ್ನು ಕಂಡರೆ ಸರಿಯಾದ ಗಾತ್ರ ಹೇಳುವುದು ಕಷ್ಟವಲ್ಲ.