ಕಿರುಕುಳದ ಮಾತಿಗೆ ಜೈಲು ಸರಿಯೇ?

ಪ್ರಶ್ನೆ: ಮಾತಿನಲ್ಲೇ ಹಿಂಸೆ ಕೊಡುವವರನ್ನು ಜೈಲಿಗೆ ಹಾಕಿದರೆ ವಾಕ್ ಸ್ವಾತಂತ್ರ್ಯಕ್ಕೆ ಧಕ್ಕೆಯಲ್ಲವೇ?

ಉತ್ತರ: ಕಾನೂನಿನ ಪದಗಳು ಸಡಿಲವಾಗಿದ್ದರೆ ಖಂಡಿತ ಧಕ್ಕೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ ಅಡಿ ಬರೀ ‘ಕಿರಿಕಿರಿ’ಯ ಸಂದೇಶಕ್ಕೂ ಮೂರು ವರ್ಷದವರೆಗೆ ಜೈಲಾಗಬಹುದಿತ್ತು. 2012ರಲ್ಲಿ ಶಿವಸೇನೆ ನಾಯಕ ಬಾಳ ಠಾಕ್ರೆ ನಿಧನಾನಂತರ ಮುಂಬೈ ಬಂದ್ ಆದದ್ದನ್ನು ಫೇಸ್‌ಬುಕ್‌ನಲ್ಲಿ ಪ್ರಶ್ನಿಸಿದ ಪಾಲ್ಘರ್‌ನ ಯುವತಿಯನ್ನಷ್ಟೇ ಅಲ್ಲ, ಅದಕ್ಕೆ ಲೈಕ್ ಒತ್ತಿದ ಗೆಳತಿಯನ್ನೂ ಪೊಲೀಸರು ಬಂಧಿಸಿದರು! 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಆ ಸೆಕ್ಷನ್ನನ್ನೇ ರದ್ದು ಮಾಡಿತು.

ಹಾಗೆಂದು ಕಾಡುವವರಿಗೆ ರಹದಾರಿ ಸಿಕ್ಕಿಲ್ಲ. ಬೆದರಿಕೆ ಹಾಕುವುದು, ಬೇಡವೆಂದರೂ ಹೆಣ್ಣುಮಕ್ಕಳ ಬೆನ್ನು ಬೀಳುವುದು ಇಂದಿಗೂ ಅಪರಾಧ. ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲಿ ರ‍್ಯಾಗಿಂಗ್‌ಗೂ ಶಿಕ್ಷೆಯಿದೆ. ಒಬ್ಬರನ್ನೇ ಗುರಿಮಾಡಿ ಹೆದರಿಸಿದರೆ ಪೊಲೀಸರು ಬರಲೇಬೇಕು. ಅಭಿಪ್ರಾಯ ಕಹಿಯೆಂದಷ್ಟಕ್ಕೆ ಬರಕೂಡದು ಎಂಬುದು ನನ್ನ ಗಟ್ಟಿ ನಿಲುವು. ಶಾಲಾ ಮಕ್ಕಳ ಜಗಳವನ್ನಂತೂ ಮೊದಲು ಮೇಷ್ಟ್ರು, ಹೆತ್ತವರು ಕೂತು ಬಗೆಹರಿಸಲಿ.